ಅಕ್ಕನ ಹೆಸರಿಲ್ಲದ ಪಹಣಿ

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಒಂದು ದೊಡ್ಡ ಕಬ್ಬಿಣದ ಗೋಪುರದ ಕೆಳಗೆ ಒಬ್ಬ ಮನುಷ್ಯ ಇನ್ನೊಬ್ಬರ ಕೋಟು ತೊಟ್ಟು ಎದೆ ಉಬ್ಬಿಸಿ ನಿಂತಿದ್ದಾನೆ. ಕೋಟಿನ ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತದೆ. ಗಂಭೀರವಾಗಿ ಕಾಣಬೇಕು ಎಂದು ಬಾಯಿ ಬಿಗಿ ಹಿಡಿದಿದ್ದರಿಂದ ಹಲ್ಲುನೋವು ಬಂದವನ ಹಾಗಿದ್ದಾನೆ. ಆ ಮನುಷ್ಯ ನಾನು. ಅವನನ್ನು ಅಲ್ಲಿಯ ತನಕ ಕಳಿಸುವುದಕ್ಕಾಗಿ ಅಪ್ಪನ ಗದ್ದೆಯ ಪಹಣಿಯಿಂದ ನನ್ನ ಅಕ್ಕನ ಹೆಸರನ್ನು ಹೊಡೆಸಿಹಾಕಿದೆ. ಅದನ್ನು ಮತ್ತೆ ಬರೆಸುವುದು ನನ್ನಿಂದ ಇನ್ನೂ ಆಗಿಲ್ಲ. ಅದು ಹೇಗಾಯಿತು ಎಂಬುದನ್ನು ಈಗ ಬರೆಯಬೇಕಾಗಿ ಬಂದಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಸೊಗಸಾಗಿ ಬರೆಯಲು ಬರುವುದಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನಲ್ಲಿದ್ದೆ. ಶಿಕಾರಿಪುರದಲ್ಲಿ ನಮ್ಮ ಬಟ್ಟೆ ಹೊಲಿಯುತ್ತಿದ್ದ ಸಾಹೇಬರ ಅಣ್ಣ ಅಲ್ಲಿದ್ದರು, ಅವರ ಮೂಲಕ ಹೋದವನು. ಕಟ್ಟಡದ ಕಂಪನಿಯೊಂದರ ಗೋದಾಮಿನಲ್ಲಿ ಪೈಪು, ನಟ್ಟು, ಬೋಲ್ಟು ಎಣಿಸಿ ಬರೆದಿಡುವ ಕೆಲಸ. ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಿದ್ದೆವು. ಊರಿಗೆ ಬಂದಾಗ ಮಾತ್ರ ನಾನು ಮ್ಯಾನೇಜರ್ ಆಗಿರುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ಬಿಸಿಲಿನಲ್ಲೂ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೆ. ಹೆಂಡತಿ ಅಲ್ಲೇ ಊರಿನಲ್ಲಿ ನಾವು ಕಟ್ಟಿಸಿದ ಮನೆಯಲ್ಲಿದ್ದಳು.

ಅವಳ ತಮ್ಮ ಸೊರಬದಲ್ಲಿ ಅಡಿಕೆ ವ್ಯಾಪಾರಿ. ನನ್ನ ಒಂದು ರಜೆಯಲ್ಲಿ ಅವನ ಮನೆಗೆ ಊಟಕ್ಕೆ ಹೋಗಿದ್ದೆವು. ಅವನು ಆಗತಾನೆ ಬೇರೆ ವ್ಯಾಪಾರಿಗಳ ಜೊತೆ ಐದು ದಿನ ಸಿಂಗಾಪುರಕ್ಕೆ ಹೋಗಿ ಬಂದಿದ್ದ. ಅನ್ನ ಸಾರು ಬಡಿಸುತ್ತಿರುವಾಗಲೇ ಸಿಂಗಾಪುರ ಶುರುವಾಯಿತು, ಮಜ್ಜಿಗೆಗೆ ಬಂದರೂ ಮುಗಿಯಲಿಲ್ಲ. ಅಲ್ಲಿ ರಸ್ತೆಯಲ್ಲಿ ಉಗುಳುವಂತಿಲ್ಲ ಎಂದು ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡೇ ಹೇಳಿದ. ನಾನು ಸಾಕಾಗಿ, "ನಮ್ಮ ಮಸ್ಕತ್ತಲ್ಲೂ ರಸ್ತೆ ಹಂಗೇ ಐತಪ್ಪ" ಅಂದೆ.

ಅವನು ಎದ್ದು ಹೋಗಿ ಉಗುಳಿ ಬಂದು ನಕ್ಕ. "ಭಾವ, ನೀವೂ ಫಾರಿನ್ನಲ್ಲೇ ಇದೀರಿ, ಇಲ್ಲ ಅನ್ನಲ್ಲ. ಆದ್ರೆ ನಿಮ್ದು ದುಡಿಯೋ ಫಾರಿನ್ನು. ನೋಡೋ ಫಾರಿನ್ನೇ ಬೇರೆ."

ಹೆಂಡತಿ ಕೂಡ ನಕ್ಕಳು. ಅವಳು ನಕ್ಕಿದ್ದು ತಮ್ಮನ ಮಾತಿಗೆ, ನನ್ನ ಮೇಲಲ್ಲ. ಆದರೆ ನನ್ನಂಥವರಿಗೆ ಅದು ಗೊತ್ತಾಗುವುದಿಲ್ಲ. ಇವನು ಸಿಂಗಾಪುರ ನೋಡಿದ್ದರೆ ನಾನು ಯುರೋಪನ್ನೇ ನೋಡಬೇಕು ಎಂದು ಆ ಎಲೆಅಡಿಕೆ ತಟ್ಟೆಯ ಮುಂದೆ ಕೂತೇ ತೀರ್ಮಾನ ಮಾಡಿದೆ. ಯುರೋಪಿನಲ್ಲಿ ಏನಿದೆ ಎಂದು ಕೇಳಿದ್ದರೆ ಚಳಿ ಎಂದು ಹೇಳುತ್ತಿದ್ದೆ, ಅಷ್ಟೆ ಗೊತ್ತಿದ್ದದ್ದು.

ಮಸ್ಕತ್ತಿಗೆ ಮರಳಿದ ಮೇಲೆ ಅದಕ್ಕೆ ದಾರಿಯೂ ಸಿಕ್ಕಿತು. ಆ ಕಡೆಯ ಹಲವು ದೇಶಗಳಿಗೆ ಒಂದೇ ವೀಸಾ ಸಾಕು ಎಂಬ ಹೊಸ ಏರ್ಪಾಟು ಆಗ ಬಂದಿತ್ತು. ಒಬ್ಬ ಏಜೆಂಟ್ ತನ್ನ ಅಂಗಡಿಯ ಗಾಜಿಗೆ ಒಂಬತ್ತು ದಿನ, ಐದು ದೇಶ ಎಂದು ಚೀಟಿ ಅಂಟಿಸಿದ್ದ. ಯಾವ ದೇಶ ಎಂದು ನಾನು ಕೇಳಲೇ ಇಲ್ಲ. ಸಿಂಗಾಪುರ ಒಂದು, ಇವು ಐದು, ಆ ಲೆಕ್ಕ ಸಾಕಾಗಿತ್ತು. ವೀಸಾ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ಕೊಟ್ಟ. ಪಾಸ್‌ಪೋರ್ಟು, ಮಸ್ಕತ್ತಿನಲ್ಲಿ ಇರಲು ಕೊಟ್ಟ ಪರವಾನಗಿ ಕಾರ್ಡು, ಕಂಪನಿಯಿಂದ ರಜೆಯ ಪತ್ರ ಮತ್ತು ಸಂಬಳದ ಪತ್ರ, ಬ್ಯಾಂಕಿನ ಪತ್ರ, ಫೋಟೋ. ಕಟ್ಟಕಡೆಗೆ, ಇನ್ನಾವುದಾದರೂ ಆಸ್ತಿಯ ದಾಖಲೆ ಇದ್ದರೆ ಲಗತ್ತಿಸಬಹುದು ಎಂದಿತ್ತು. ಇದ್ದರೆ. ಲಗತ್ತಿಸಬಹುದು. ಇಂಗ್ಲಿಷ್ ಅಷ್ಟು ಅರ್ಥವಾಗದವನಲ್ಲ ನಾನು.

ಮುಂದಿನ ರಜೆಗೆ ಬಂದವನೇ ಉಡುತಡಿಗೆ ಹೋದೆ. ನಮ್ಮ ಮೂಲ ಊರು ಅದು. ಅಪ್ಪನ ಮೂರು ಎಕರೆ ಗದ್ದೆ ಅಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಖಾತೆ ನನ್ನ ಮತ್ತು ಅಕ್ಕನ ಹೆಸರಿಗೆ ಜಂಟಿಯಾಗಿ ಆಗಿತ್ತು. ನಾವಿಬ್ಬರೇ ಮಕ್ಕಳು. ಅಕ್ಕನನ್ನು ಸೊರಬ ತಾಲ್ಲೂಕಿನ ಹೊಸಬಾಳೆಗೆ ಕೊಟ್ಟಿತ್ತು. ಅವ್ವ ಸಾಯುವ ಮೊದಲು, ಕೆರೆ ಏರಿಯ ಕೆಳಗಿನ ಇಪ್ಪತ್ತು ಗುಂಟೆ ಮಗಳ ಅರಿಶಿನ ಕುಂಕುಮಕ್ಕೆ ಎಂದು ಹೇಳಿದ್ದಳು. ನಮ್ಮಲ್ಲಿ ಹಾಗೆ ಹೇಳುವುದುಂಟು. ಆ ತುಂಡಿನ ಬೆಳೆ ಮಗಳದು, ತವರು ಮರೆತಿಲ್ಲ ಎಂಬುದಕ್ಕೆ ಗುರುತು. ಗದ್ದೆಯನ್ನು ಊರಿನವರೊಬ್ಬರು ಪಾಲಿಗೆ ಮಾಡುತ್ತಿದ್ದರು. ಆ ಇಪ್ಪತ್ತು ಗುಂಟೆಯ ಅಕ್ಕಿ ಪ್ರತಿ ವರ್ಷ ಹೊಸಬಾಳೆಗೆ ಹೋಗುತ್ತಿತ್ತು.

ಪಹಣಿ ಆಗ ಕೈಬರಹದ್ದು. ಗ್ರಾಮ ಲೆಕ್ಕಿಗರು ಚಾವಡಿಯಲ್ಲಿ ದೊಡ್ಡ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಪಹಣಿ ಯಾಕೆ ಎಂದು ಕೇಳಿದ್ದಕ್ಕೆ ಹೇಳಿದೆ.

"ಯುರೋಪಿಗಾ? ಅಲ್ಲಿ ಏನ್ರೀ, ಗದ್ದೆ ಹಿಡೀತೀರಾ?"

"ನೋಡಾಕೆ ರೀ. ಸುಮ್ನೆ ನೋಡಾಕೆ."

"ಸುಮ್ನೆ ನೋಡಾಕೆ ಪಹಣಿ ಕೇಳ್ತಾರಾ? ಭಾರಿ ಜನ ಬಿಡ್ರಿ ಅವ್ರು." ಪುಟ ತಿರುಗಿಸಿ ಬೆರಳಿಟ್ಟರು. "ಇಲ್ನೋಡ್ರಿ, ನಿಮ್ದು ನಿಮ್ಮಕ್ಕೋರ್ದು ಜಂಟಿ ಐತೆ. ನಮ್ ಸೊಸೈಟಿನೋರೇ ಜಂಟಿ ಅಂದ್ರೆ ಇನ್ನೊಬ್ರುನ್ನ ಕರ್ಕಂಬಾ ಅಂತಾರೆ. ವಿಲಾಯ್ತಿನೋರು ಬಿಡ್ತಾರಾ?"

ನಗಬೇಡಿ. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವರಿಗೆ ಪ್ರಪಂಚದ ಕಚೇರಿಗಳೆಲ್ಲ ಗೊಬ್ಬರದ ಸಾಲ ಕೊಡುವ ಸೊಸೈಟಿಯ ಹಾಗೇ ಕಾಣುತ್ತವೆ. ಕಿಟಕಿಯ ಆಚೆ ಕೂತ ದೊರೆ ಪಹಣಿಯಲ್ಲಿ ಒಡೆಯರ ಹೆಸರಿರುವ ಒಂಬತ್ತನೇ ಕಾಲಂ ನೋಡುತ್ತಾನೆ, ಬೆಳೆ ಬರೆಯುವ ಹನ್ನೆರಡನೇ ಕಾಲಂ ನೋಡುತ್ತಾನೆ, ಬೆಳೆ ಭತ್ತವೋ ಜೋಳವೋ ಎಂದು ಕೇಳುತ್ತಾನೆ ಎಂದೇ ನಾನೂ ನಂಬಿದೆ. ಆದರೆ ಅದಿಷ್ಟನ್ನೇ ಹೇಳಿದರೆ ನಾನು ಬರೀ ದಡ್ಡನಾಗಿ ಪಾರಾಗುತ್ತೇನೆ. ಲೆಕ್ಕಿಗರು ಇನ್ನೂ ಒಂದು ಮಾತು ಹೇಳಿದ್ದರು. "ಅಕ್ಕೋರ ಹತ್ರ ಒಂದು ಒಪ್ಪಿಗೆ ಪತ್ರ ಬರಿಸ್ಕಂಡ್ರೂ ನಡೀಬೋದು, ನೋಡ್ರಿ" ಎಂದಿದ್ದರು. ಎರಡು ರೂಪಾಯಿ ಕಾಗದದಲ್ಲಿ ಮುಗಿಯುವ ಕೆಲಸ. ನಾನೇ, "ಇಲ್ಲ, ನನ್ನ ಹೆಸರು ಒಂದೇ ಇದ್ರೆ ನೀಟಾಗಿರ್ತತೆ" ಅಂದೆ. ಆ ಪುಸ್ತಕದಲ್ಲಿ ನನ್ನ ಹೆಸರು ಒಂದೇ ಇರುವುದನ್ನು ಮನಸ್ಸಿನಲ್ಲಿ ಒಮ್ಮೆ ನೋಡಿದೆ. ಚೆನ್ನಾಗಿ ಕಂಡಿತು.

ಮರುದಿನ ಹೊಸಬಾಳೆಗೆ ಹೋದೆ. ಅಕ್ಕ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಕೈ ತೊಳೆಯದೆ ಎದ್ದು ಬಂದಳು.

"ಏನೋ ತಮ್ಮ, ಹೇಳ್ದೆ ಕೇಳ್ದೆ? ಬೂಟ್ ಬಿಚ್ಚಾ ಮಾರಾಯ, ಸಗಣಿ ಐತೆ ಅಲ್ಲಿ."

ಅವಳು ಕೊಟ್ಟ ಅವಲಕ್ಕಿ ಮುಗಿಸಿದ ಮೇಲೆ ವಿಷಯ ತೆಗೆದೆ. ವೀಸಾ ಎಂದರೇನು, ಕಾಗದ ಯಾಕೆ ಬೇಕು ಎಂದು ಬಿಡಿಸಿ ಹೇಳಿದೆ. ಹೆಸರು ತೆಗೆಯುವುದು ಕಾಗದದ ಮಟ್ಟಿಗೆ ಮಾತ್ರ, ಅಕ್ಕಿ ಬರುವುದು ಬರುತ್ತಲೇ ಇರುತ್ತದೆ ಎಂದೆ.

ಭಾವ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. "ಕೊಟ್ಟು ಕಳ್ಸೇ ಅತ್ಲಾಗೆ. ನಿನ್ ತಮ್ಮ ವಿಲಾಯ್ತಿ ನೋಡ್ಕಂಬರ್ಲಿ. ನಾವು ಶಿವಮೊಗ್ಗನೇ ನೆಟ್ಟಗೆ ನೋಡಿಲ್ಲ" ಅಂದರು.

ಅಕ್ಕ ಅವರ ಕಡೆ ತಿರುಗಲಿಲ್ಲ. ಬೆರಳಿಗೆ ಅಂಟಿದ ಹುಣಸೆಯನ್ನು ಉಜ್ಜಿ ತೆಗೆಯುತ್ತಾ ಕೇಳಿದಳು. "ಹೋಗಿ ಬಂದ್ಮೇಲೆ ಮತ್ತೆ ಬರಿಸ್ತೀಯಲ?"

"ಬರಿಸ್ದೆ ಎಲ್ಲಿಗೆ ಹೋಗ್ತೀನೆ ಅಕ್ಕ?"

"ಹಂಗಲ್ಲ. ಮೈಮೇಲಿನ ಬಂಗಾರ ಎಲ್ಲ ಈ ಮನೆಗೇ ಕರಗಿ ಹೋಯ್ತು. ಅವ್ವನ ಕಡೇದು ಅಂತ ಉಳ್ದಿರೋದು ಅದೊಂದೇ. ಅದ್ಕೆ ಕೇಳ್ದೆ."

"ಅವ್ವನ ಆಣೆ" ಅಂದೆ. ಯಾರೂ ಆಣೆ ಕೇಳಿರಲಿಲ್ಲ.

ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಲು ಅಕ್ಕ ಶಿಕಾರಿಪುರಕ್ಕೆ ಬಂದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಮದುವೆಗೆ ಉಡುವ ಸೀರೆ ಉಟ್ಟು, ನನಗೆಂದು ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದಳು. ಯುರೋಪಿನಲ್ಲಿ ಊಟ ಹೇಗೋ ಏನೋ ಎಂದು. ಪತ್ರ ಬರೆದವರು ಅದನ್ನು ಗಡಗಡ ಓದಿ ಹೇಳಿದರು. ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಎಂಬಲ್ಲಿ ಅಕ್ಕ ತಡೆದಳು.

"ಸಂತೋಷ ಅಂತಾನೂ ಬರ್ದಾರಾ?"

"ಎಲ್ಲಾ ಪತ್ರದಾಗೂ ಹಂಗೇ ಬರಿಯೋದಮ್ಮ."

"ಹಂಗಾರೆ ಸೈ. ಬರ್ಕಳ್ಳಿ."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದೊಂದೇ ಅಕ್ಷರ ಬರೆದಳು. ಅವಳು ಶಾಲೆ ಬಿಟ್ಟದ್ದು ನನ್ನನ್ನು ಎತ್ತಿಕೊಳ್ಳುವುದಕ್ಕೆ. ಅವ್ವ ಗದ್ದೆಗೆ ಹೋಗುತ್ತಿದ್ದಳು. ಅದು ನೆನಪಾಯಿತೇ ಎಂದರೆ, ಇಲ್ಲ. ಸೈ ಬೇಗ ಮುಗಿಯಲಿ, ಫೋಟೋ ಸ್ಟುಡಿಯೋ ಮುಚ್ಚುತ್ತದೆ ಎಂದು ನೋಡುತ್ತಿದ್ದೆ.

ತಕರಾರು ಇದ್ದವರು ಹೇಳಬೇಕೆಂದು ಚಾವಡಿಯ ಗೋಡೆಗೆ ಮೂವತ್ತು ದಿನ ನೋಟೀಸು ಅಂಟಿಸಿದ್ದರು. ಯಾರೂ ತಕರಾರು ಮಾಡಲಿಲ್ಲ. ಲೆಕ್ಕಿಗರು ಅಕ್ಕನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಸ್ಕೇಲ್ ಇಟ್ಟು ಎಳೆದದ್ದರಿಂದ ಗೆರೆ ನೆಟ್ಟಗೆ ಬಂತು. ನಾನು ಹೊಸ ಪಹಣಿ ತೆಗೆಸಿದೆ. ಅದರ ಜೊತೆಗೆ ವಂಶವೃಕ್ಷ, ಕಂದಾಯದ ರಸೀದಿ, ಎಲ್ಲಕ್ಕೂ ಕೋರ್ಟಿನ ಮುಂದಿನ ಟೈಪಿಸ್ಟ್ ಕೈಯಲ್ಲಿ ಇಂಗ್ಲಿಷ್ ಅನುವಾದ, ಅದಕ್ಕೊಬ್ಬ ನೋಟರಿಯ ಮೊಹರು. ಎಲ್ಲವನ್ನೂ ಟ್ಯಾಗ್ ಹಾಕಿ ಕಟ್ಟಿದಾಗ ಫೈಲು ನನ್ನ ಮದುವೆಯ ಆಲ್ಬಂಗಿಂತ ದಪ್ಪಗಾಯಿತು.

ಮಸ್ಕತ್ತಿನಲ್ಲಿ ವೀಸಾ ಕೊಡುವ ಕಚೇರಿಯ ಮುಂದೆ ಬೆಳಿಗ್ಗೆಯಿಂದ ಸಾಲು. ನನ್ನ ಮುಂದಿದ್ದವನ ಕೈಯಲ್ಲಿ ತೆಳ್ಳನೆಯ ಒಂದು ಕವರು. ಪಾಪ, ಇವನಿಗೆ ಸಿಗುವುದಿಲ್ಲ ಎಂದುಕೊಂಡೆ. ಇವನಿಗೆ ಊರಿನಲ್ಲಿ ಗೇಣು ನೆಲವಿಲ್ಲ ಎಂದು ಒಳಗೊಳಗೇ ಕನಿಕರಪಟ್ಟೆ. ಅವನು ಐದು ನಿಮಿಷದಲ್ಲಿ ಮುಗಿಸಿ ಹೋದ.

ಗಾಜಿನ ಆಚೆ ಒಬ್ಬ ಹೆಂಗಸು. ಹಿಂದಿ ಬರುತ್ತಿತ್ತು. ನನ್ನ ಫೈಲನ್ನು ಕೆಳಗಿನ ಸಂದಿಯಲ್ಲಿ ತೂರಿಸಲು ನೋಡಿದೆ, ತೂರಲಿಲ್ಲ. ಟ್ಯಾಗ್ ಬಿಚ್ಚಿ ಒಂದೊಂದೇ ತೂರಿಸಿದೆ. ಆಕೆ ಪಾಸ್‌ಪೋರ್ಟು ಇಟ್ಟುಕೊಂಡಳು, ಕಂಪನಿಯ ಪತ್ರಗಳನ್ನು ಇಟ್ಟುಕೊಂಡಳು, ಬ್ಯಾಂಕಿನದನ್ನು ಇಟ್ಟುಕೊಂಡಳು. ಪಹಣಿ ಕೈಗೆ ಬಂದಾಗ ತಲೆಕೆಳಗಾಗಿ ಹಿಡಿದು ನೋಡಿದಳು.

"ಇದೇನು?"

"ನನ್ನ ಜಮೀನು. ನನ್ನೊಬ್ಬನ ಹೆಸರಿನಲ್ಲೇ ಇದೆ."

"ಎಲ್ಲಿ?"

"ಇಂಡಿಯಾದಲ್ಲಿ."

ಆಕೆ ಅದನ್ನೂ, ಅದರ ಅನುವಾದವನ್ನೂ, ವಂಶವೃಕ್ಷವನ್ನೂ ಒಟ್ಟು ಮಾಡಿ ಅದೇ ಸಂದಿಯಿಂದ ಹೊರಗೆ ತಳ್ಳಿದಳು. "ನೀವು ಇರುವುದು ಇಲ್ಲಿ. ಪ್ರವಾಸ ಮುಗಿಸಿ ವಾಪಸ್ ಬರಬೇಕಾದದ್ದೂ ಇಲ್ಲಿಗೆ. ನಿಮ್ಮ ಊರಿನ ಜಮೀನು ನಮಗೆ ಯಾಕೆ? ಇಲ್ಲಿ ಇರುವ ಪರವಾನಗಿ ಇನ್ನೆಷ್ಟು ತಿಂಗಳಿದೆ, ಆ ಕಾರ್ಡು ತೋರಿಸಿ."

ಕಾರ್ಡು ಅಂಗಿಯ ಜೇಬಿನಲ್ಲಿತ್ತು. ಪಾಲಿಥೀನ್ ಹಾಕಿದ, ಬೆರಳುದ್ದದ ಕಾರ್ಡು. ಅದರ ಅವಧಿ ಇನ್ನೂ ಒಂದು ವರ್ಷವಿತ್ತು. ಅಷ್ಟೇ. ನಾಲ್ಕು ದಿನ ಬಿಟ್ಟು ಬನ್ನಿ ಎಂದಳು. ನಾಲ್ಕು ದಿನ ಬಿಟ್ಟು ಹೋದರೆ ವೀಸಾ ಸಿಕ್ಕಿತ್ತು.

ಅಕ್ಕನ ಹೆಸರು ಇದ್ದಿದ್ದರೂ ಸಿಗುತ್ತಿತ್ತು. ಗದ್ದೆಯೇ ಇಲ್ಲದಿದ್ದರೂ ಸಿಗುತ್ತಿತ್ತು. ಆ ಕಾಗದಗಳನ್ನು ಎದೆಗೊತ್ತಿಕೊಂಡು ಬಿಸಿಲಿನಲ್ಲಿ ನಿಂತಾಗ ನಾಚಿಕೆಯಾಗಬೇಕಿತ್ತು. ನನಗಾದದ್ದು ಸಿಟ್ಟು. ಮೂರು ಎಕರೆ ನೀರಾವರಿ ಗದ್ದೆಯನ್ನು ಆ ಹೆಂಗಸು ತಲೆಕೆಳಗಾಗಿ ಹಿಡಿದಳಲ್ಲ ಎಂದು.

ಪ್ರವಾಸದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಒಂಬತ್ತು ದಿನದಲ್ಲಿ ಆರು ದಿನ ಬಸ್ಸಿನಲ್ಲಿ ನಿದ್ದೆ ಮಾಡಿದೆ. ಬಸ್ಸು ನಿಂತಾಗ ಇಳಿದು, ಎಲ್ಲರೂ ಯಾವುದರ ಮುಂದೆ ನಿಂತರೋ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಒಂದು ದೇಶ ಮುಗಿದು ಇನ್ನೊಂದು ಶುರುವಾದದ್ದು ಗೊತ್ತಾಗಲಿಲ್ಲ. ಮೂತ್ರಕ್ಕೂ ಕಾಸು ಕೇಳಿದರು. ಹಿಮ ಬಿದ್ದ ಬೆಟ್ಟದ ಮೇಲೆ, ಇದನ್ನು ಸೊರಬದಲ್ಲಿ ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತಾ ನಿಂತವನಿಗೆ ಹಿಮವೇ ಕಾಣಲಿಲ್ಲ. ಚಕ್ಕುಲಿ ಮಾತ್ರ ಚೆನ್ನಾಗಿತ್ತು. ಗುಂಪಿನವರು ಕೇಳಿಯಾರು ಎಂದು ಕೋಟಿನ ಒಳಗೆ ಮುರಿದು ತಿಂದೆ.

ಮುಂದಿನ ರಜೆಗೆ ಬಂದಾಗ ಸೊರಬಕ್ಕೆ ಮೊದಲು ಹೋದೆ, ಹೊಸಬಾಳೆಗೆ ಆಮೇಲೆ. ಹೆಂಡತಿಯ ತಮ್ಮ ಫೋಟೋಗಳನ್ನು ಇಸ್ಪೀಟು ಎಲೆಯ ಹಾಗೆ ತಿರುಗಿಸಿ ನೋಡಿ, "ಕೋಟು ಯಾರ್ದು ಭಾವ?" ಎಂದು ಒಂದೇ ಮಾತು ಕೇಳಿದ. ಅಲ್ಲಿಗೆ ನನ್ನ ಯುರೋಪು ಮುಗಿಯಿತು.

ಅಕ್ಕನಿಗೆ ಒಂದು ಕೀಚೈನು ತಂದಿದ್ದೆ. ಆ ಕಬ್ಬಿಣದ ಗೋಪುರದ ಪುಟ್ಟ ಬೊಂಬೆ ಜೋತುಬಿದ್ದ ಕೀಚೈನು. ಅವಳು ಅದನ್ನು ತಿರುಗಿಸಿ ನೋಡಿ, ಅಕ್ಕಿ ಇಡುವ ಕೋಣೆಯ ಕೀಲಿಯನ್ನು ಅದಕ್ಕೆ ಹಾಕಿದಳು.

"ಇಷ್ಟು ಎತ್ರ ಹತ್ತಿದ್ಯನೋ?"

"ಅರ್ಧ ಹತ್ತಿದೆ" ಅಂದೆ. ಹತ್ತಿರಲಿಲ್ಲ. ಟಿಕೆಟ್ಟು ದುಬಾರಿ.

"ಮತ್ತೆ ಆ ಕಾಗದ?"

"ಮುಂದಿನ ರಜೆಗೆ ಮಾಡ್ಸಣ ಅಕ್ಕ. ಈ ಸಲ ದಿನ ಇಲ್ಲ."

ಮುಂದಿನ ರಜೆಗೂ ದಿನ ಇರಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಮಸ್ಕತ್ತಿನ ಕೆಲಸ ಬಿಟ್ಟು ಶಿಕಾರಿಪುರಕ್ಕೆ ಬಂದು ಕೂತೆ. ಆಗ ದಿನಗಳು ಬೇಕಾದಷ್ಟಿದ್ದವು. ಅಕ್ಕಿ ಹೋಗುತ್ತಿತ್ತು. ಹೋಗುತ್ತಿದೆಯಲ್ಲ, ಹೆಸರು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೀಗಿರುವಾಗ ಹೊಸಬಾಳೆಯ ಭಾವ ತೀರಿಕೊಂಡರು. ಮೂರು ತಿಂಗಳಾದ ಮೇಲೆ ಅಕ್ಕ ಒಬ್ಬಳೇ ನಮ್ಮ ಮನೆಗೆ ಬಂದಳು. ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಕೂತು ನೀರು ಕುಡಿದು ಕೇಳಿದಳು. "ಮೈದುನ್ರು ಮನೆ ಪಾಲು ಮಾಡ್ಕಣಣ ಅಂತಿದಾರೆ. ನಂದು ಅಂತ ಒಂದು ತುಂಡು ಐತೆ ಅಂತ ಕಾಗ್ದ ಇದ್ರೆ ನಂಗೂ ಒಂದು ಮಾತು ಇರ್ತದೆ. ಈಗ್ಲಾದ್ರೂ ಬರಿಸ್ಕೊಡೋ."

ನಾನು ಆಗ ಹೇಳಿದ ಮಾತನ್ನು ಬರೆಯುತ್ತೇನೆ. "ಅವ್ವ ಅದನ್ನ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದಲ್ವೇನೆ ಅಕ್ಕ? ಈಗ ಇನ್ನೇನು" ಅಂದೆ.

ಒಳಗೆ ಹೆಂಡತಿ ಚಹಾ ಸೋಸುತ್ತಿದ್ದ ಸದ್ದು ನಿಂತಿತು. ಅಕ್ಕ ಎದ್ದಳು. ಬೈಯಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ದೊಡ್ಡವನಾಗುತ್ತಿದ್ದೆ, ಅದಕ್ಕೂ ಅವಕಾಶ ಕೊಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಚಹಾ ಹಾಗೇ ಉಳಿಯಿತು. ಆ ವರ್ಷ ಕಳಿಸಿದ ಅಕ್ಕಿಯ ಚೀಲ ಹೊಸಬಾಳೆಯಿಂದ ಬಾಯಿ ಬಿಚ್ಚದೆ ವಾಪಸ್ ಬಂತು. ಅದನ್ನು ನಾವೇ ಉಂಡೆವು. ಆಮೇಲೆ ನಾನು ಕಳಿಸಲಿಲ್ಲ.

ಬಹಳ ವರ್ಷ ನಾವು ಮಾತಾಡಲಿಲ್ಲ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ, "ಅತ್ತಿಗೆ ಅವತ್ತು ಚಹಾ ಕುಡಿಲಿಲ್ಲ, ನೋಡ್ರಿ" ಅಂದಿದ್ದಳು. ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನು ಹೊಸಬಾಳೆಗೆ ಹೋದೆ. ಇಪ್ಪತ್ತು ಗುಂಟೆಯನ್ನು ದಾನಪತ್ರ ಮಾಡಿ ಅಕ್ಕನ ಹೆಸರಿಗೆ ಬರೆಸಲು ಎಲ್ಲ ಕಾಗದ ಸಿದ್ಧ ಮಾಡಿಸಿಕೊಂಡಿದ್ದೆ. ಅವಳು ಒಂದು ದಿನ ಶಿಕಾರಿಪುರಕ್ಕೆ ಬಂದು, ತೆಗೆದುಕೊಂಡಿದ್ದೇನೆ ಎಂದು ಸೈ ಹಾಕಿದರೆ ಸಾಕಿತ್ತು.

ಅಕ್ಕನಿಗೆ ಎಂಬತ್ತರ ಹತ್ತಿರ. ಕಿವಿ ಚುರುಕಾಗಿದೆ. ಗೋಡೆಯ ಮೊಳೆಯಲ್ಲಿ ಅದೇ ಕೀಚೈನು, ಬಣ್ಣವೆಲ್ಲ ಹೋಗಿ ತಗಡು ಕಾಣುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದಳು.

"ಒಂದ್ಸಲ ನೀನು ಕರ್ದೆ ಅಂತ ಬಂದು ಸೈ ಹಾಕ್ದೆ. ಇನ್ನು ಯಾವ ಆಫೀಸಿಗೂ ಬರಲ್ಲ ಮಾರಾಯ."

"ಮತ್ತೆ ನಾನೇನು ಮಾಡ್ಲೆ ಅಕ್ಕ?"

"ಆ ದೇಶದೋರಿಗೆ ಅರ್ಜಿ ಬರ್ದ್ಯಲ್ಲ, ಹಂಗೇ ನಂಗೂ ಒಂದು ಬರಿ. ಏನು ಮಾಡ್ದೆ, ಯಾಕೆ ಮಾಡ್ದೆ, ಎಲ್ಲ. ಮೊಮ್ಮಗಳ ಹತ್ರ ಓದಿಸ್ತೀನಿ. ಸರಿ ಅನ್ಸಿದ್ರೆ ಬಂದು ಸೈ ಹಾಕ್ತೀನಿ. ಇಲ್ದಿದ್ರೆ ಇಲ್ಲ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಮುಖದಲ್ಲಿ ನಗು ಇರಲಿಲ್ಲ.

ಮನೆಗೆ ಬಂದು ನಾಲ್ಕು ಪುಟ ಬರೆದು ಕಳಿಸಿದೆ. ಲೆಕ್ಕಿಗರ ಮಾತು ಕೇಳಿ ಕೆಟ್ಟೆ, ದಡ್ಡತನವಾಯಿತು, ಕ್ಷಮಿಸು ಎಂದಿತ್ತು ಅದರಲ್ಲಿ. ಎಂಟು ದಿನದಲ್ಲಿ ವಾಪಸ್ ಬಂತು. ಹಿಂಬದಿಯಲ್ಲಿ ಮೊಮ್ಮಗಳ ಅಕ್ಷರದಲ್ಲಿ ಅಕ್ಕನ ಮಾತು ಬರೆದಿತ್ತು: "ಅವತ್ತು ನಿಮ್ಮ ಮನೇಲಿ ನನಗೆ ಅಂದ ಮಾತು ಇದರಲ್ಲಿಲ್ಲ. ಒಪ್ಪಿಗೆ ಪತ್ರದ ವಿಷಯಾನೂ ಸರಿಯಾಗಿ ಬರ್ದಿಲ್ಲ. ಮತ್ತೆ ಬರಿ."

ಒಪ್ಪಿಗೆ ಪತ್ರದಲ್ಲೇ ಮುಗಿಸಬಹುದಿತ್ತು ಎಂಬುದು ಅವಳಿಗೆ ಹೇಗೆ ಗೊತ್ತಾಯಿತೋ. ಲೆಕ್ಕಿಗರು ಯಾವತ್ತೋ ಹೇಳಿರಬೇಕು. ಇಷ್ಟು ವರ್ಷ ಅದನ್ನೂ ತಿಳಿದುಕೊಂಡು ಸುಮ್ಮನಿದ್ದಳು.

ಇದು ಎರಡನೆಯ ಸಲ ಬರೆದ ಅರ್ಜಿ. ಬಿಟ್ಟದ್ದೆರಡನ್ನೂ ಬರೆದಿದ್ದೇನೆ. ಅಂಚೆಗೆ ಹಾಕುವುದಿಲ್ಲ, ಭಾನುವಾರ ನಾನೇ ಹೊಸಬಾಳೆಗೆ ತೆಗೆದುಕೊಂಡು ಹೋಗುತ್ತೇನೆ. ಮೊಮ್ಮಗಳು ಓದುವಾಗ ಅಕ್ಕನ ಎದುರು ಕೂತಿರಬೇಕು. ಕೋಣೆಯ ಆಚೆ ನಿಲ್ಲು ಎಂದರೆ ಆಚೆ ನಿಲ್ಲುತ್ತೇನೆ.